ಹಳೆಯ ದೋಣಿಗೆ ಹೊಸ ಬಣ್ಣ: ಧೂಳು ಮನೆಗೆ ಬಾರದಿರಲಿ

ಜೂನ್ 1 ಬಂತೆಂದರೆ ನಮ್ಮ ಕರಾವಳಿಯ ಬಂದರುಗಳಲ್ಲಿ ಇಂಜಿನ್‌ಗಳ ಸದ್ದು ಅಡಗುತ್ತದೆ. ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ದೋಣಿಗಳೂ 10 ಅಶ್ವಶಕ್ತಿಗಿಂತ ಹೆಚ್ಚಿನ ಮೋಟಾರು ಕಟ್ಟಿದ ನಾಡದೋಣಿಗಳೂ ಮೀನಿಗೆ ಹೋಗುವಂತಿಲ್ಲ. ಉಳ್ಳಾಲ, ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ಎಲ್ಲಿ ಹೋದರೂ ದಡಕ್ಕೆಳೆದ ದೋಣಿಗಳ ಸಾಲು ಕಾಣುತ್ತದೆ. ಹರಿದ ಬಲೆ ಸರಿಪಡಿಸುವುದು, ಇಂಜಿನ್ ಬಿಚ್ಚಿ ನೋಡುವುದು, ಬಿರುಕಿಗೆ ತೇಪೆ ಹಾಕುವುದು, ಕೊನೆಗೆ ಬಣ್ಣ ಹೊಡೆಯುವುದು ಎಲ್ಲವೂ ಈ ಎರಡು ತಿಂಗಳಲ್ಲೇ ಮುಗಿಯಬೇಕು.

ದುಡಿಮೆ ಇಲ್ಲದ ದಿನಗಳಲ್ಲಿ ಪೇಂಟರ್‌ಗೆ ಕೂಲಿ ಕೊಡುವ ಬದಲು ನಾವೇ ಬಣ್ಣ ಹೊಡೆದರಾಯಿತು ಎಂದು ಯೋಚಿಸುವವರು ಅನೇಕ. ಅದು ತಪ್ಪಲ್ಲ. ಫೈಬರ್ ದೋಣಿಗೆ ಬಣ್ಣ ಹೊಡೆಯುವುದು ತಾಳ್ಮೆ ಇದ್ದವರಿಗೆ ಕಲಿಯಬಹುದಾದ ಕೆಲಸ. ಆದರೆ ಈ ಲೆಕ್ಕದಲ್ಲಿ ಒಂದು ಖರ್ಚನ್ನು ಬರೆದುಕೊಳ್ಳಲು ನಾವು ಮರೆಯುತ್ತೇವೆ. ಅದು ನಮ್ಮ ಶ್ವಾಸಕೋಶದ, ಕಣ್ಣಿನ, ಕೆಲವೊಮ್ಮೆ ಮನೆಯಲ್ಲಿ ನಮ್ಮ ದಾರಿ ಕಾಯುವ ಮಗುವಿನ ಖರ್ಚು.

ಹೊಸ ಬಣ್ಣದ ಡಬ್ಬಿಯ ಘಾಟು ವಾಸನೆಗೆ ನಾವು ಹೆದರುತ್ತೇವೆ. ನಿಜವಾಗಿ ಹೆಚ್ಚು ಹೆದರಬೇಕಾದದ್ದು ವಾಸನೆಯೇ ಇಲ್ಲದ ಹಳೆಯ ಬಣ್ಣದ ಧೂಳಿಗೆ. ಹೊಸ ಬಣ್ಣ ದಡದಲ್ಲೇ ಉಳಿಯುತ್ತದೆ. ಹಳೆಯ ಬಣ್ಣದ ಧೂಳು ಲುಂಗಿ, ತಲೆಗೂದಲು, ಚಪ್ಪಲಿಗಳ ಜೊತೆ ಮನೆಗೆ ಬರುತ್ತದೆ.

ಹಳೆಯ ಬಣ್ಣದಲ್ಲಿ ಏನಿದೆ?

ಹತ್ತಾರು ವರ್ಷ ದುಡಿದ ದೋಣಿಯ ಮೈಮೇಲೆ ಬಣ್ಣದ ಹಲವು ಪದರಗಳಿರುತ್ತವೆ. ಪ್ರತಿ ಪದರವೂ ಆಯಾ ಕಾಲದ ಪೇಟೆಯಲ್ಲಿ ಸಿಗುತ್ತಿದ್ದ ಬಣ್ಣ. ಹಿಂದೆ ಹಳದಿ, ಕಿತ್ತಳೆ, ಕೆಂಪು, ಹಸಿರಿನಂಥ ಗಾಢ ಬಣ್ಣಗಳಿಗೆ ಸೀಸದ ಸಂಯುಕ್ತಗಳನ್ನು ಧಾರಾಳವಾಗಿ ಬಳಸುತ್ತಿದ್ದರು. ನಮ್ಮ ದೋಣಿಗಳ ಮೇಲೆ ಎದ್ದು ಕಾಣುವುದೂ ಇದೇ ಬಣ್ಣಗಳು. ಕಬ್ಬಿಣದ ಭಾಗಗಳಿಗೆ ಮೊದಲ ಕೋಟಾಗಿ ಹಚ್ಚುತ್ತಿದ್ದ ಕೆಂಪು ಪ್ರೈಮರಿನಲ್ಲೂ ಸೀಸ ಇರುತ್ತಿತ್ತು.

ಮನೆಬಳಕೆಯ ಮತ್ತು ಅಲಂಕಾರಿಕ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದೆಂಬ ನಿಯಮವನ್ನು ಭಾರತ ಸರ್ಕಾರ 2016ರಲ್ಲಿ ಮಾಡಿತು. ಅದು 2017ರ ನವೆಂಬರ್ 1ರಿಂದ ಜಾರಿಗೆ ಬಂತು. ಅಂದರೆ ಅದಕ್ಕಿಂತ ಹಿಂದಿನ ಪದರಗಳಿಗೆ ಈ ಮಿತಿ ಇರಲಿಲ್ಲ. ಕೈಗಾರಿಕೆಗೆಂದು ಮಾರುವ ಬಣ್ಣಗಳು ಇಂದಿಗೂ ಈ ನಿಯಮದ ವ್ಯಾಪ್ತಿಯಲ್ಲಿಲ್ಲ. ಆದ್ದರಿಂದ ಹಳೆಯ ದೋಣಿಯ ಬಣ್ಣದಲ್ಲಿ ಸೀಸ ಇದೆ ಎಂದೇ ತಿಳಿದು ಕೆಲಸ ಆರಂಭಿಸುವುದು ಜಾಣತನ.

ನೀರಿನೊಳಗಿರುವ ತಳಭಾಗದ ಬಣ್ಣದ ವಿಚಾರವೇ ಬೇರೆ. ಪಾಚಿ ಮತ್ತು ಚಿಪ್ಪುಜೀವಿಗಳು ಅಂಟದಿರಲಿ ಎಂದು ಹಚ್ಚುವ ಆ್ಯಂಟಿಫೌಲಿಂಗ್ ಬಣ್ಣ ಜೀವಿಗಳನ್ನು ಕೊಲ್ಲಲೆಂದೇ ತಯಾರಾದದ್ದು. ಇಂದಿನವುಗಳಲ್ಲಿ ಮುಖ್ಯವಾಗಿ ತಾಮ್ರದ ಆಕ್ಸೈಡ್ ಮತ್ತು ಇತರ ಜೀವನಾಶಕಗಳು ಇರುತ್ತವೆ. ಹಿಂದೆ ತವರದ ಒಂದು ಸಂಯುಕ್ತವನ್ನು, ಟ್ರೈಬ್ಯುಟೈಲ್ ಟಿನ್ ಅನ್ನು ಬಳಸುತ್ತಿದ್ದರು. ಫ್ರಾನ್ಸ್‌ನ ಆರ್ಕಶೋನ್ ಕೊಲ್ಲಿಯಲ್ಲಿ 1970ರ ದಶಕದಲ್ಲಿ ಸಿಂಪಿ ಕೃಷಿಯೇ ನೆಲಕಚ್ಚಿತು. ಮರಿಗಳು ಬದುಕಲಿಲ್ಲ, ಬೆಳೆದ ಸಿಂಪಿಗಳ ಚಿಪ್ಪು ವಿಕಾರವಾಗಿ ದಪ್ಪವಾಯಿತು. ಅಲ್ಲಿ ಲಂಗರು ಹಾಕುತ್ತಿದ್ದ ದೋಣಿಗಳ ತಳದ ಬಣ್ಣವೇ ಕಾರಣವೆಂದು ತಿಳಿದ ಮೇಲೆ 25 ಮೀಟರಿಗಿಂತ ಚಿಕ್ಕ ದೋಣಿಗಳಿಗೆ ಆ ಬಣ್ಣ ಹಚ್ಚುವುದನ್ನು ಫ್ರಾನ್ಸ್ 1982ರಲ್ಲಿ ನಿಷೇಧಿಸಿತು. 2001ರಲ್ಲಿ ರೂಪುಗೊಂಡು 2008ರಲ್ಲಿ ಜಾರಿಗೆ ಬಂದ ಅಂತಾರಾಷ್ಟ್ರೀಯ ಒಪ್ಪಂದವೂ ಅದನ್ನು ನಿಷೇಧಿಸಿದೆ. ಆದರೆ ಬಹಳ ಹಳೆಯ ದೋಣಿಯ ಅಡಿಪದರದಲ್ಲಿ ಅದು ಇನ್ನೂ ಇರಬಹುದು.

ಇಷ್ಟನ್ನೂ ಹೇಳಿದ್ದು ಹೆದರಿಸಲಿಕ್ಕಲ್ಲ. ಗಟ್ಟಿಯಾಗಿ ಅಂಟಿಕೊಂಡಿರುವ ಹಳೆಯ ಬಣ್ಣ ಸುಮ್ಮನಿದ್ದರೆ ಯಾರಿಗೂ ತೊಂದರೆ ಮಾಡುವುದಿಲ್ಲ. ಅದನ್ನು ಒಣಗಿದಂತೆಯೇ ಉಜ್ಜಿ ಹಿಟ್ಟು ಮಾಡಿ ಗಾಳಿಗೆ ಬಿಟ್ಟಾಗ ಮಾತ್ರ ಅದು ವಿಷವಾಗುತ್ತದೆ.

ಮಗುವಿನ ತನಕ ಬರುವ ದಾರಿ

ಸಂಜೆ ಕೆಲಸ ಮುಗಿಸಿ ಮನೆಗೆ ಬರುತ್ತೀರಿ. ಎರಡು ವರ್ಷದ ಮಗು ಓಡಿ ಬಂದು ಕಾಲಿಗೆ ಸುತ್ತಿಕೊಳ್ಳುತ್ತದೆ. ನೀವು ಎತ್ತಿಕೊಳ್ಳುತ್ತೀರಿ. ಮಗು ನಿಮ್ಮ ಅಂಗಿ ಹಿಡಿದ ಕೈಯನ್ನೇ ಬಾಯಿಗೆ ಹಾಕಿಕೊಳ್ಳುತ್ತದೆ. ಸೀಸ ಮಗುವನ್ನು ಸೇರುವುದಕ್ಕೆ ಇಷ್ಟು ಸಾಕು.

ನುಂಗಿದ ಸೀಸದಲ್ಲಿ ದೊಡ್ಡವರ ದೇಹ ಹೀರುವುದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚನ್ನು ಚಿಕ್ಕ ಮಕ್ಕಳ ದೇಹ ಹೀರಿಕೊಳ್ಳುತ್ತದೆ. ಬೆಳೆಯುತ್ತಿರುವ ಮಿದುಳಿಗೆ ಅದು ನೇರ ಏಟು. ಕಲಿಕೆಯಲ್ಲಿ ಹಿಂದೆ ಬೀಳುವುದು, ಗಮನ ನಿಲ್ಲದಿರುವುದು, ರಕ್ತಹೀನತೆ, ಪದೇಪದೇ ಹೊಟ್ಟೆನೋವು ಇದರ ಪರಿಣಾಮಗಳು. ಎಷ್ಟೋ ಮಕ್ಕಳಲ್ಲಿ ಹೊರಗೆ ಏನೂ ಕಾಣುವುದಿಲ್ಲ. ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಎನ್ನುವ ಸುರಕ್ಷಿತ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗರ್ಭಿಣಿಯ ದೇಹ ಸೇರಿದ ಸೀಸ ಹೊಟ್ಟೆಯಲ್ಲಿರುವ ಮಗುವನ್ನೂ ತಲಪುತ್ತದೆ. ನಿಮ್ಮ ಕೆಲಸದ ಬಟ್ಟೆಯನ್ನು ಕೊಡವಿ ಒಗೆಯುವವರು ಯಾರೆಂದು ಒಮ್ಮೆ ಯೋಚಿಸಿ.

ವರ್ಷ ವರ್ಷವೂ ದೋಣಿ ಕೆರೆಯುವ ಕೆಲಸ ಮಾಡುವವರಾಗಿದ್ದು ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ವೈದ್ಯರಿಗೆ ನಿಮ್ಮ ಕೆಲಸದ ವಿಷಯ ತಿಳಿಸಿ. ರಕ್ತದಲ್ಲಿ ಸೀಸದ ಪ್ರಮಾಣ ತಿಳಿಯುವ ಪರೀಕ್ಷೆ ಇದೆ. ಒಂದು ಡೆಸಿಲೀಟರ್ ರಕ್ತದಲ್ಲಿ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಕಂಡುಬಂದರೆ ಸೀಸ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ನಿಲ್ಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ.

ಮೊದಲು ತೊಳೆಯಿರಿ, ಆಮೇಲೆ ಉಜ್ಜಿರಿ

ಬಹಳಷ್ಟು ಮಂದಿ ದೋಣಿಯನ್ನು ದಡಕ್ಕೆ ತಂದ ಕೂಡಲೇ ಸ್ಯಾಂಡ್ ಪೇಪರ್ ಹಿಡಿಯುತ್ತಾರೆ. ಇದು ತಪ್ಪು. ಮೀನಿನ ಜಿಡ್ಡು, ಡೀಸೆಲ್, ಇಂಜಿನ್ ಎಣ್ಣೆ ಅಂಟಿದ ಮೈಯನ್ನು ಉಜ್ಜಿದರೆ ಆ ಜಿಡ್ಡು ಗೀರುಗಳೊಳಗೆ ಇನ್ನಷ್ಟು ಇಳಿಯುತ್ತದೆ. ಹೊಸ ಬಣ್ಣ ಒಂದೇ ಮಳೆಗಾಲಕ್ಕೆ ಸಿಪ್ಪೆಯಾಗಿ ಏಳುತ್ತದೆ. ಮೊದಲು ಸಿಹಿನೀರು ಮತ್ತು ಸೋಪಿನ ಪುಡಿ ಹಾಕಿ ಬ್ರಷ್‌ನಿಂದ ತಿಕ್ಕಿ ತೊಳೆಯಿರಿ. ಕೊನೆಗೆ ಒಂದು ಚೊಂಬು ಶುದ್ಧ ನೀರು ಸುರಿದು ನೋಡಿ. ನೀರು ಒಂದೇ ಹಾಳೆಯಂತೆ ಹರಡಿ ಇಳಿದರೆ ಜಿಡ್ಡು ಹೋಗಿದೆ. ಹನಿಹನಿಯಾಗಿ ನಿಂತರೆ ಇನ್ನೊಮ್ಮೆ ತೊಳೆಯಬೇಕು.

ಆಮೇಲೆ ಉಜ್ಜುವ ಕೆಲಸ. ಇಲ್ಲಿ ಒಂದೇ ನಿಯಮ: ಒಣಗಿಸಿ ಉಜ್ಜಬೇಡಿ. ಪೇಂಟ್ ಅಂಗಡಿಯಲ್ಲಿ ವಾಟರ್ ಪೇಪರ್ ಎಂದು ಕೇಳಿದರೆ ನೀರಿನಲ್ಲಿ ನೆನೆಸಿ ಬಳಸುವ ಕಾಗದ ಸಿಗುತ್ತದೆ. ಬಕೆಟ್ಟಿನಲ್ಲಿ ನೀರಿಟ್ಟುಕೊಂಡು ಕಾಗದವನ್ನೂ ದೋಣಿಯ ಮೈಯನ್ನೂ ಒದ್ದೆಯಾಗಿಯೇ ಇಟ್ಟು ಉಜ್ಜಿದರೆ ಧೂಳು ಗಾಳಿಗೇಳದೆ ಕೆಸರಾಗಿ ಕೆಳಗಿಳಿಯುತ್ತದೆ. ಎದ್ದ ಪದರಗಳಿಗೆ 80ನೇ ನಂಬರಿನ ಒರಟು ಕಾಗದ, ನಂತರ 120, ಕೊನೆಯ ಕೋಟಿಗೆ ಮುನ್ನ 220 ಸಾಕು. ಕೆಲಸ ನಿಧಾನವಾಗುತ್ತದೆ, ನಿಜ. ಆದರೆ ಗಟ್ಟಿಯಾಗಿರುವ ಬಣ್ಣವನ್ನೆಲ್ಲ ಕಿತ್ತು ತೆಗೆಯಬೇಕಾಗಿಲ್ಲ. ಎದ್ದ ಕಡೆ ಮಾತ್ರ ತೆಗೆದು, ಉಳಿದ ಕಡೆ ಹೊಳಪು ಹೋಗುವಷ್ಟು ಉಜ್ಜಿದರೆ ಹೊಸ ಬಣ್ಣ ಕಚ್ಚಿಕೊಳ್ಳುತ್ತದೆ.

ಉಜ್ಜುವ ಮೊದಲು ದೋಣಿಯ ಕೆಳಗೆ ಗಟ್ಟಿ ಪ್ಲಾಸ್ಟಿಕ್ ಹಾಳೆ ಹಾಸಿ. ಬಿದ್ದ ಸಿಪ್ಪೆ, ಕೆಸರು ಅದರ ಮೇಲೆಯೇ ಸಂಗ್ರಹವಾಗಲಿ. ಅದನ್ನು ಪೊರಕೆಯಿಂದ ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ.

ಮೂರು ಕೆಲಸಗಳನ್ನು ಖಂಡಿತ ಮಾಡಬೇಡಿ. ಒಂದು, ಬೆಂಕಿಯ ಜ್ವಾಲೆ ಹಿಡಿದು ಬಣ್ಣ ಸುಡುವುದು. ಬಿಸಿಗೆ ಸೀಸ ಹೊಗೆಯಾಗಿ ನೇರ ಶ್ವಾಸಕೋಶ ಸೇರುತ್ತದೆ, ಫೈಬರ್ ಕೂಡ ಹಾಳಾಗುತ್ತದೆ. ಎರಡು, ಪೇಂಟ್ ರಿಮೂವರ್ ಹಚ್ಚುವುದು. ಅನೇಕ ರಿಮೂವರ್‌ಗಳಲ್ಲಿರುವ ಡೈಕ್ಲೋರೋಮೀಥೇನ್ ದೇಹದೊಳಗೆ ಕಾರ್ಬನ್ ಮೊನಾಕ್ಸೈಡ್ ಆಗಿ ಬದಲಾಗುತ್ತದೆ. ಇಕ್ಕಟ್ಟಾದ ಜಾಗದಲ್ಲಿ ಅದರ ಆವಿ ಕುಡಿದು ಜೀವ ಕಳೆದುಕೊಂಡವರಿದ್ದಾರೆ. ಮೂರು, ಒದ್ದೆ ನೆಲದಲ್ಲಿ ನಿಂತು ಕರೆಂಟಿನ ಗ್ರೈಂಡರ್ ಹಿಡಿಯುವುದು. ನೀರು ಹಾಕಿ ಉಜ್ಜುವುದೇನಿದ್ದರೂ ಕೈಯಿಂದಲೇ ಆಗಬೇಕು. ಗ್ರೈಂಡರ್ ಅನಿವಾರ್ಯವಾದರೆ ದೋಣಿಯೂ ನೆಲವೂ ಒಣಗಿರುವಾಗ, ಧೂಳು ಎಳೆಯುವ ವ್ಯಾಕ್ಯೂಮ್ ಜೋಡಿಸಿ, ಮುಖವಾಡ ಮತ್ತು ಕನ್ನಡಕ ಧರಿಸಿ ಮಾತ್ರ ಬಳಸಬೇಕು.

ತೇಪೆ ಹಾಕುವಾಗ ಕಣ್ಣು ಕಾಪಾಡಿ

ಫೈಬರ್ ದೋಣಿಯ ತಳದಲ್ಲಿ ಕೆಲವೊಮ್ಮೆ ಗುಳ್ಳೆಗಳು ಎದ್ದಿರುತ್ತವೆ. ಅವುಗಳೊಳಗೆ ಒತ್ತಡದಲ್ಲಿರುವ, ವಿನೆಗರ್‌ನಂಥ ವಾಸನೆಯ ಹುಳಿ ದ್ರವ ಇರುತ್ತದೆ. ಚುಚ್ಚಿದ ಕೂಡಲೇ ಮುಖಕ್ಕೆ ಚಿಮ್ಮಬಹುದು. ಕನ್ನಡಕವಿಲ್ಲದೆ ಗುಳ್ಳೆ ಒಡೆಯಬೇಡಿ.

ಬಿರುಕಿಗೆ ರೆಸಿನ್ ಮತ್ತು ಮ್ಯಾಟ್ ಹಾಕುವವರು ರೆಸಿನ್ ಜೊತೆ ಕೋಬಾಲ್ಟ್ ಮತ್ತು ಹಾರ್ಡ್ನರ್ ಎಂಬ ಎರಡು ಸಣ್ಣ ಬಾಟಲಿ ತರುತ್ತಾರೆ. ಈ ಎರಡನ್ನೂ ಎಂದಿಗೂ ಒಂದಕ್ಕೊಂದು ನೇರ ಬೆರೆಸಬೇಡಿ. ಬೆಂಕಿ ಹೊತ್ತಿಕೊಳ್ಳಬಹುದು, ಸಿಡಿಯಲೂಬಹುದು. ಮೊದಲು ಕೋಬಾಲ್ಟನ್ನು ರೆಸಿನ್‌ನಲ್ಲಿ ಪೂರ್ತಿ ಕಲಸಿ, ನಂತರವೇ ಹಾರ್ಡ್ನರ್ ಸೇರಿಸಬೇಕು. ಬಣ್ಣವಿಲ್ಲದ ನೀರಿನಂತೆ ಕಾಣುವ ಈ ಹಾರ್ಡ್ನರ್ ಒಂದು ಹನಿ ಕಣ್ಣಿಗೆ ಬಿದ್ದರೂ ದೃಷ್ಟಿಗೆ ಶಾಶ್ವತ ಹಾನಿಯಾಗಬಹುದು. ಪಕ್ಕದಲ್ಲಿ ಒಂದು ಕೊಡ ಶುದ್ಧ ನೀರು ಇಟ್ಟುಕೊಂಡೇ ಬಾಟಲಿ ತೆರೆಯಿರಿ. ಮಿಕ್ಕಿದ ರೆಸಿನ್ ಡಬ್ಬಿಯಲ್ಲೇ ಬಿಸಿಯೇರಿ ಹೊಗೆಯಾಡುತ್ತದೆ. ಅದನ್ನು ಕಸದ ಬುಟ್ಟಿಗೆ ಹಾಕದೆ ಮರಳಿನ ಮೇಲೆ ತೆರೆದಿಟ್ಟು ತಣಿಯಲು ಬಿಡಿ.

ಫೈಬರ್ ಉಜ್ಜಿದ ಮೇಲೆ ಮೈ ತುರಿಸಿದರೆ ಕೆರೆದುಕೊಳ್ಳಬೇಡಿ. ಕೆರೆದಷ್ಟೂ ಗಾಜಿನ ಎಳೆಗಳು ಚರ್ಮದೊಳಗೆ ಹೋಗುತ್ತವೆ. ಹರಿಯುವ ನೀರಿನಡಿ ಕೈ ಹಿಡಿದು ಮೆಲ್ಲಗೆ ಸೋಪು ಹಚ್ಚಿ ತೊಳೆಯಿರಿ. ಅಂಟಿಕೊಂಡ ಎಳೆಗಳನ್ನು ಟೇಪ್ ಅಂಟಿಸಿ ಎಳೆದು ತೆಗೆಯಬಹುದು.

ಮೂಗಿಗೆ ಬೈರಾಸು ಕಟ್ಟಿದರೆ ಸಾಲದು

ಬೈರಾಸು ಸುತ್ತಿಕೊಂಡು ಕೆಲಸ ಮಾಡುವುದು ನಮ್ಮಲ್ಲಿ ರೂಢಿ. ಅದು ಬೆವರು ಒರೆಸಲು ಒಳ್ಳೆಯದು, ಸೂಕ್ಷ್ಮ ಧೂಳನ್ನು ತಡೆಯಲು ಅಲ್ಲ. ಧೂಳಿಗೆ ಎನ್-95 ಮುಖವಾಡ ಬೇಕು. ಆದರೆ ಅದೇ ಎನ್-95 ಥಿನ್ನರ್ ಆವಿಯನ್ನು ಸ್ವಲ್ಪವೂ ತಡೆಯುವುದಿಲ್ಲ. ಆವಿಗೆ ಇದ್ದಿಲು ತುಂಬಿದ ಕಾರ್ಟ್ರಿಡ್ಜ್ ಇರುವ ರಬ್ಬರ್ ಮುಖವಾಡವೇ ಬೇಕು. ಕಾರ್ಟ್ರಿಡ್ಜ್ ತೆರೆದಿಟ್ಟರೆ ಸುಮ್ಮನೆ ಗಾಳಿ ಹೀರಿ ಹಾಳಾಗುತ್ತದೆ. ಕೆಲಸ ಮುಗಿದ ಕೂಡಲೇ ಬಿಗಿ ಡಬ್ಬಿಯಲ್ಲಿಡಿ.

ಗಡ್ಡ ಬಿಟ್ಟವರು ಒಂದು ವಿಷಯ ಗಮನಿಸಬೇಕು. ಇಂಥ ಮುಖವಾಡಗಳು ಚರ್ಮಕ್ಕೆ ಬಿಗಿಯಾಗಿ ಕೂತರೆ ಮಾತ್ರ ಕೆಲಸ ಮಾಡುತ್ತವೆ. ಕೂದಲಿದ್ದಲ್ಲಿ ಸಂದಿಯಾಗಿ ಗಾಳಿ ಸೋಸದೆಯೇ ಒಳ ಬರುತ್ತದೆ. ಮುಖವಾಡ ಹಾಕಿದ್ದೇನೆ ಎಂಬ ಧೈರ್ಯ ಮಾತ್ರ ಉಳಿಯುತ್ತದೆ, ರಕ್ಷಣೆ ಇರುವುದಿಲ್ಲ. ತಲೆಯನ್ನೇ ಮುಚ್ಚಿ ಯಂತ್ರದಿಂದ ಶುದ್ಧ ಗಾಳಿ ಕೊಡುವ ಟೊಪ್ಪಿಗೆಗಳಿವೆ, ಆದರೆ ಅವು ದುಬಾರಿ. ಹಾಗಾದರೆ ದಾರಿ ಏನು? ಧೂಳನ್ನೂ ಆವಿಯನ್ನೂ ತಡೆಯುವ ಬದಲು ಅವು ಏಳದಂತೆಯೇ ಕೆಲಸ ಮಾಡುವುದು. ನೀರು ಹಾಕಿ ಉಜ್ಜುವುದು, ಸ್ಪ್ರೇ ಬಿಟ್ಟು ಬ್ರಷ್ ಮತ್ತು ರೋಲರ್ ಹಿಡಿಯುವುದು, ಬಯಲಿನಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಲ್ಲದೆ ಅಡ್ಡವಾಗಿ ನಿಲ್ಲುವುದು. ಬೆನ್ನು ಕೊಟ್ಟರೆ ಆವಿ ಮುಖದ ಮುಂದೆಯೇ ಸುಳಿಯುತ್ತದೆ. ಈ ಮಾತು ಗಡ್ಡವಿಲ್ಲದವರಿಗೂ ಅನ್ವಯಿಸುತ್ತದೆ.

ಯಾವ ಬಣ್ಣ ಆರಿಸಬೇಕು?

ಅಂಗಡಿಯವರು ಎರಡು ಬಗೆ ತೋರಿಸುತ್ತಾರೆ. ಒಂದೇ ಡಬ್ಬಿಯಲ್ಲಿ ಬರುವ ಎನಾಮೆಲ್ ಒಂದು. ಬಣ್ಣ ಮತ್ತು ಹಾರ್ಡ್ನರ್ ಎರಡು ಡಬ್ಬಿಗಳಲ್ಲಿ ಬರುವ ಪಾಲಿಯುರಿಥೇನ್ ಇನ್ನೊಂದು. ಎರಡನೆಯದರ ಹೊಳಪು ಹೆಚ್ಚು, ಬಾಳಿಕೆಯೂ ಹೆಚ್ಚು. ಆದರೆ ಅದರ ಹಾರ್ಡ್ನರ್‌ನಲ್ಲಿ ಐಸೋಸಯನೇಟ್ ಎಂಬ ರಾಸಾಯನಿಕವಿದೆ. ಅದು ಕೆಲಸಗಾರರಲ್ಲಿ ಅಸ್ತಮಾ ಹುಟ್ಟಿಸುವ ಪ್ರಮುಖ ಕಾರಣಗಳಲ್ಲೊಂದು. ಅಪಾಯಕಾರಿ ಮಟ್ಟದಲ್ಲಿದ್ದರೂ ಮೂಗಿಗೆ ವಾಸನೆ ತಿಳಿಯದಿರಬಹುದು. ಕೆಮ್ಮು, ಎದೆ ಬಿಗಿತ, ಸಿಳ್ಳಿನಂಥ ಉಸಿರು ಎಷ್ಟೋ ಸಲ ಕೆಲಸ ಮುಗಿಸಿ ಮಲಗಿದ ಮೇಲೆ ರಾತ್ರಿ ಕಾಣಿಸುತ್ತದೆ. ದೇಹ ಒಮ್ಮೆ ಅದಕ್ಕೆ ಒಗ್ಗದಾಯಿತೆಂದರೆ ಮುಂದೆ ಅತ್ಯಲ್ಪ ಪ್ರಮಾಣವೂ ಉಸಿರು ಕಟ್ಟಿಸುತ್ತದೆ. ಅಂಥವರು ಆ ಕೆಲಸವನ್ನೇ ಬಿಡಬೇಕಾಗುತ್ತದೆ.

ಸ್ಪ್ರೇ ಮಾಡಿದಾಗ ಅದರ ಸೂಕ್ಷ್ಮ ಹನಿಗಳು ಗಾಳಿ ತುಂಬುತ್ತವೆ. ಆದ್ದರಿಂದ ಮನೆಯವರೇ ಬಣ್ಣ ಹೊಡೆಯುವುದಾದರೆ ಎರಡು ಡಬ್ಬಿಯ ಬಣ್ಣವನ್ನು ಸ್ಪ್ರೇ ಮಾಡಲೇಬೇಡಿ. ಅದು ಸರಿಯಾದ ಸಲಕರಣೆ ಇರುವ ಕಾರ್ಯಾಗಾರದ ಕೆಲಸ. ಅಸ್ತಮಾ ಇರುವವರು ಅದನ್ನು ಬ್ರಷ್‌ನಲ್ಲೂ ಮುಟ್ಟಬಾರದು. ಒಂದೇ ಡಬ್ಬಿಯ ಎನಾಮೆಲ್ ಅನ್ನು ರೋಲರ್‌ನಲ್ಲಿ ತೆಳುವಾಗಿ ಎರಡು ಮೂರು ಕೋಟು ಹಚ್ಚಿ, ಹಿಂದೆಯೇ ಒಣ ಬ್ರಷ್ ತುದಿಯಿಂದ ಸವರಿದರೆ ದುಡಿಯುವ ದೋಣಿಗೆ ಸಾಕಷ್ಟು ಚೆನ್ನಾಗಿಯೇ ಕಾಣುತ್ತದೆ. ಎರಡು ವರ್ಷ ಬೇಗ ಮತ್ತೆ ಬಣ್ಣ ಹೊಡೆಯಬೇಕಾಗಬಹುದು. ಆದರೆ ಬಣ್ಣದ ಆಯುಷ್ಯಕ್ಕಿಂತ ನಮ್ಮ ಉಸಿರು ದೊಡ್ಡದು. ಕೊಳ್ಳುವಾಗ ಡಬ್ಬಿಯ ಮೇಲೆ ಸೀಸದ ಬಗ್ಗೆ ಏನು ಬರೆದಿದೆ ಎಂದು ಓದಿ ನೋಡಿ.

ಇನ್ನೊಂದು ಎಚ್ಚರಿಕೆ: ತಾಮ್ರವಿರುವ ತಳದ ಬಣ್ಣವನ್ನು ಔಟ್‌ಬೋರ್ಡ್ ಇಂಜಿನ್ನಿನ ಅಲ್ಯುಮಿನಿಯಂ ಭಾಗಕ್ಕೆ ಹಚ್ಚಬೇಡಿ, ಉಪ್ಪುನೀರಿನಲ್ಲಿ ಆ ಲೋಹ ತಿಂದುಹೋಗುತ್ತದೆ. ಅಲ್ಲಿರುವ ಸತುವಿನ ತುಂಡಿನ ಮೇಲೂ ಬಣ್ಣ ಬೀಳಬಾರದು. ಬಿದ್ದರೆ ಅದು ಇಂಜಿನ್ನನ್ನು ಕಾಯುವುದಿಲ್ಲ.

ಟಾರ್ಪಾಲಿನ ಅಡಿಯಲ್ಲಿ

ಮಳೆಗಾಲದಲ್ಲಿ ಬಣ್ಣ ಹೊಡೆಯುವವರ ದೊಡ್ಡ ಕಷ್ಟ ಇದು. ಮಳೆಗೆ ಟಾರ್ಪಾಲು ಕಟ್ಟಲೇಬೇಕು. ನಾಲ್ಕೂ ಕಡೆ ಇಳಿಬಿಟ್ಟರೆ ಒಳಗೆ ಥಿನ್ನರ್ ಆವಿ ತುಂಬುತ್ತದೆ. ಈ ಆವಿ ಗಾಳಿಗಿಂತ ಭಾರ. ಅದು ಮೇಲೇರಿ ಹೋಗದೆ ದೋಣಿಯ ಹೊಟ್ಟೆಯೊಳಗೆ, ಇಂಜಿನ್ ಕೋಣೆಯಲ್ಲಿ, ಐಸ್ ಪೆಟ್ಟಿಗೆಯಲ್ಲಿ ನೀರಿನಂತೆ ನಿಲ್ಲುತ್ತದೆ. ಅಲ್ಲಿ ಬಗ್ಗಿ ಕೆಲಸ ಮಾಡುವವನಿಗೆ ಮೊದಲು ತಲೆ ಹಗುರವಾದಂತೆ, ಅಮಲೇರಿದಂತೆ ಅನಿಸುತ್ತದೆ. ಆಮೇಲೆ ತಲೆನೋವು, ವಾಕರಿಕೆ, ಕೊನೆಗೆ ಎಚ್ಚರ ತಪ್ಪುವುದು. ಒಂದು ಬೀಡಿಯ ಕಿಡಿ ಸಾಕು, ಆವಿಯೆಲ್ಲ ಹೊತ್ತಿಕೊಳ್ಳುತ್ತದೆ.

ಟಾರ್ಪಾಲನ್ನು ಮೇಲ್ಛಾವಣಿಯಂತೆ ಎತ್ತರಕ್ಕೆ ಕಟ್ಟಿ, ಕನಿಷ್ಠ ಎದುರುಬದುರು ಎರಡು ಕಡೆ ತೆರೆದಿಡಿ. ಪೆಟ್ರೋಲ್ ಟ್ಯಾಂಕನ್ನು ಮೊದಲೇ ಕಳಚಿ ದೂರ ಇಡಿ. ದೋಣಿಯೊಳಗೆ ಇಳಿದು ಬಣ್ಣ ಹಚ್ಚುವಾಗ ಹೊರಗೆ ಒಬ್ಬರು ಇರಲೇಬೇಕು. ಒಳಗಿದ್ದವನು ಬಿದ್ದರೆ ಹೊರಗಿದ್ದವರು ತಾವೂ ದಡಬಡನೆ ಒಳಗೆ ಧುಮುಕಬಾರದು. ಮೊದಲು ಟಾರ್ಪಾಲು ಎಳೆದು ಗಾಳಿ ಬಿಡಬೇಕು, ಜನರನ್ನು ಕೂಗಬೇಕು.

ಮಳೆ ನಿಂತ ಕೂಡಲೇ ಬಣ್ಣ ಹಚ್ಚುವ ಆತುರವೂ ಬೇಡ. ದೋಣಿಯ ಮೈ ತೇವವಾಗಿದ್ದರೆ ಬಣ್ಣ ಮಂಕಾಗುತ್ತದೆ, ಗುಳ್ಳೆ ಏಳುತ್ತದೆ. ಮಾಡಿದ ಕೆಲಸವನ್ನೇ ಮತ್ತೆ ಕೆರೆದು ಮತ್ತೆ ಧೂಳು ಎಬ್ಬಿಸಬೇಕಾಗುತ್ತದೆ. ಒಂದೆರಡು ದಿನ ಬಿಸಿಲು ಕಂಡ ಮೇಲೆ, ಬೆಳಗಿನ ತೇವ ಆರಿದ ನಂತರ ಆರಂಭಿಸಿ ಸಂಜೆಗೆ ಮುನ್ನ ಮುಗಿಸುವುದು ಒಳ್ಳೆಯದು.

ಕೈಗೆ ಅಂಟಿದ ಬಣ್ಣ ಮತ್ತು ವುಝೂ

ಬಣ್ಣ ಚರ್ಮದ ಮೇಲೆ ಪದರವಾಗಿ ಕೂತರೆ ವುಝೂವಿನ ನೀರು ಚರ್ಮವನ್ನು ಮುಟ್ಟುವುದಿಲ್ಲ. ಈ ಕಾಳಜಿಯಿಂದಲೇ ನಮ್ಮವರು ಬಾಂಗ್ ಕೇಳಿದ ಕೂಡಲೇ ಕೈಗೆ ಥಿನ್ನರ್, ಪೆಟ್ರೋಲ್ ಸುರಿದು ಉಜ್ಜುತ್ತಾರೆ. ಕಾಳಜಿ ಸರಿ, ಉಪಾಯ ಸರಿಯಲ್ಲ. ಥಿನ್ನರ್ ಚರ್ಮದ ಸಹಜ ಜಿಡ್ಡನ್ನೇ ಕರಗಿಸುತ್ತದೆ. ಚರ್ಮ ಒಣಗಿ ಬಿರಿಯುತ್ತದೆ, ಆ ಬಿರುಕಿನ ಮೂಲಕ ರಾಸಾಯನಿಕಗಳು ಇನ್ನೂ ಸುಲಭವಾಗಿ ಒಳಸೇರುತ್ತವೆ. ದಿನಕ್ಕೆ ಎರಡು ಮೂರು ಬಾರಿ ಹೀಗೆ ಮಾಡಿದರೆ ಕಜ್ಜಿ ಹಿಡಿಯುವುದು ಖಚಿತವೆಂದೇ ಹೇಳಬೇಕು. ಎಪಾಕ್ಸಿ ಪ್ರೈಮರ್ ಬಳಸುವವರಲ್ಲಂತೂ ಚರ್ಮದ ಅಲರ್ಜಿ ಬೇಗ ಅಂಟಿಕೊಳ್ಳುತ್ತದೆ, ಒಮ್ಮೆ ಬಂದರೆ ಬಿಡುವುದಿಲ್ಲ.

ಉತ್ತಮ ಉಪಾಯವೆಂದರೆ ಬಣ್ಣ ಅಂಟದಂತೆ ನೋಡಿಕೊಳ್ಳುವುದು. ನೈಟ್ರೈಲ್ ಕೈಗವಸು ಧರಿಸಿ. ಆಸ್ಪತ್ರೆಯ ತೆಳು ಲೇಟೆಕ್ಸ್ ಕೈಗವಸು ಥಿನ್ನರಿಗೆ ತಡೆಯುವುದಿಲ್ಲ. ಉದ್ದ ತೋಳಿನ ಅಂಗಿ, ಮುಚ್ಚಿದ ಚಪ್ಪಲಿ ಅಥವಾ ಬೂಟು ಇರಲಿ. ಇಷ್ಟಾದರೂ ಅಂಟಿದರೆ ಬಣ್ಣ ಹಸಿಯಾಗಿರುವಾಗಲೇ ತೆಂಗಿನೆಣ್ಣೆ ಹಚ್ಚಿ, ಬಟ್ಟೆಯಿಂದ ಒರೆಸಿ, ನಂತರ ಸೋಪು ನೀರಿನಲ್ಲಿ ತೊಳೆಯಿರಿ. ಎನಾಮೆಲ್ ಹೀಗೆಯೇ ಹೋಗುತ್ತದೆ. ಒಣಗಲು ಬಿಟ್ಟರೆ ಮಾತ್ರ ಕಷ್ಟ. ನಮಾಝಿನ ಹೊತ್ತಿಗೆ ಹತ್ತು ನಿಮಿಷ ಮುಂಚೆ ಕೆಲಸ ನಿಲ್ಲಿಸಿದರೆ ಥಿನ್ನರಿನ ಅಗತ್ಯವೇ ಬೀಳುವುದಿಲ್ಲ.

ಹೊಸ್ತಿಲ ಹೊರಗಿನ ಸ್ನಾನ

ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ. ಕೆರೆಯುವ ಕೆಲಸ ಮಾಡಿದ ದಿನ ಕೆಲಸದ ಬಟ್ಟೆಯಲ್ಲಿ ಮನೆಯೊಳಗೆ ಹೋಗಬೇಡಿ. ದಡದಲ್ಲೇ ಬಟ್ಟೆ ಬದಲಿಸಿ, ಕಳಚಿದ್ದನ್ನು ಚೀಲಕ್ಕೆ ಹಾಕಿ ಕಟ್ಟಿ. ಚಪ್ಪಲಿ ಹೊರಗಿರಲಿ. ಹೊರಗಿನ ಬಚ್ಚಲಿನಲ್ಲಿ ತಲೆಗೆ ನೀರು ಹಾಕಿಕೊಂಡು ಸ್ನಾನ ಮಾಡಿ. ಉಗುರುಗಳನ್ನು ಕತ್ತರಿಸಿ ಗಿಡ್ಡ ಇಟ್ಟುಕೊಳ್ಳಿ. ಅದಾದ ಮೇಲೆ ಮಗುವನ್ನು ಎತ್ತಿಕೊಳ್ಳಿ.

ಕೆಲಸದ ಬಟ್ಟೆಯನ್ನು ಕೊಡವದೆ, ನೇರ ನೀರಿಗೆ ಹಾಕಿ, ಮನೆಯವರ ಬಟ್ಟೆಯೊಂದಿಗೆ ಸೇರಿಸದೆ ಬೇರೆಯಾಗಿ ಒಗೆಯಬೇಕು. ಸಾಧ್ಯವಾದರೆ ನಿಮ್ಮ ಬಟ್ಟೆಯನ್ನು ನೀವೇ ಒಗೆಯಿರಿ. ದೋಣಿಯ ಬಳಿ ಕೂತು ಚಹಾ, ತಿಂಡಿ, ಬೀಡಿ ಬೇಡ. ಕೈಯಲ್ಲಿರುವ ಸೀಸ ತುತ್ತಿನ ಜೊತೆ ಹೊಟ್ಟೆಗೆ ಹೋಗುತ್ತದೆ. ರಜೆಯಲ್ಲಿರುವ ಮಕ್ಕಳು ದೋಣಿಯ ಸುತ್ತ ಆಡಲು ಬರುತ್ತಾರೆ. ಕೆರೆಯುವ ದಿನ ಅವರನ್ನು ಹತ್ತಿರ ಬಿಡಬೇಡಿ. ಥಿನ್ನರನ್ನು ನೀರಿನ ಬಾಟಲಿಗೆ ಎಂದೂ ಹಾಕಿಡಬೇಡಿ.

ಉಳಿದ ಕಸ

ಕೆರೆದ ಸಿಪ್ಪೆಯನ್ನು ಅಳಿವೆಗೆ ಗುಡಿಸಿಬಿಡುವುದು ಸುಲಭ. ಆದರೆ ಅದೇ ಅಳಿವೆಯ ಕೆಸರಿನಲ್ಲಿ ಮರುವಾಯಿ, ಬಂಡೆಗಳಲ್ಲಿ ಪಚ್ಚಿಲೆ ಬೆಳೆಯುತ್ತವೆ. ಅವು ನೀರನ್ನು ಸೋಸಿ ತಿನ್ನುವ ಜೀವಿಗಳು, ನೀರಿನ ಲೋಹಗಳು ಅವುಗಳ ಮೈಯಲ್ಲಿ ಸೇರುತ್ತವೆ. ನಾಳೆ ನಮ್ಮ ಸಾರಿನಲ್ಲಿ ಬರುವುದೂ ಅವೇ. ಆರ್ಕಶೋನ್‌ನ ಸಿಂಪಿ ಬೆಳೆಗಾರರ ಕಥೆ ನಮ್ಮದಾಗುವುದು ಬೇಡ. ಸಿಪ್ಪೆಯನ್ನು ಗಟ್ಟಿ ಚೀಲದಲ್ಲಿ ಕಟ್ಟಿ, ಅಪಾಯಕಾರಿ ತ್ಯಾಜ್ಯವೆಂದು ಬರೆದು ಪಂಚಾಯತ್ ಅಥವಾ ನಗರಸಭೆಯ ಕಸದವರಿಗೆ ಬೇರೆಯಾಗಿ ಕೊಡಿ. ಸುಡಬೇಡಿ. ಬಣ್ಣ ಅಥವಾ ಮೀನೆಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಬಿಸಾಡಿದರೆ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಅವನ್ನು ನೀರಿನಲ್ಲಿ ನೆನೆಸಿಡಿ, ಇಲ್ಲವೇ ಹರಡಿ ಒಣಗಿಸಿ.

ತುರ್ತು ಸಂದರ್ಭದಲ್ಲಿ

ಕಣ್ಣಿಗೆ ಬಿದ್ದರೆ: ಉಜ್ಜಬೇಡಿ. ರೆಪ್ಪೆ ಬಿಡಿಸಿ ಹಿಡಿದು ಶುದ್ಧ ನೀರನ್ನು ಕನಿಷ್ಠ 15ರಿಂದ 20 ನಿಮಿಷ ಬಿಡದೆ ಸುರಿಯಿರಿ. ನಂತರ ನೇರ ಕಣ್ಣಿನ ವೈದ್ಯರಲ್ಲಿಗೆ ಹೋಗಿ.

ಥಿನ್ನರ್ ಕುಡಿದರೆ: ವಾಂತಿ ಮಾಡಿಸಬೇಡಿ. ವಾಂತಿಯ ಜೊತೆ ಅದು ಶ್ವಾಸಕೋಶಕ್ಕೆ ಇಳಿದರೆ ಅಪಾಯ ಹೆಚ್ಚು. ಡಬ್ಬಿಯನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಧಾವಿಸಿ.

ತಲೆ ತಿರುಗಿದರೆ: ಕೂಡಲೇ ಬಯಲಿಗೆ ಬನ್ನಿ. ಆ ದಿನ ಮತ್ತೆ ಕೆಲಸಕ್ಕೆ ಇಳಿಯಬೇಡಿ. ಎಚ್ಚರ ತಪ್ಪಿದವರನ್ನು ಗಾಳಿಗೆ ತಂದು, ಉಸಿರಾಡುತ್ತಿದ್ದರೆ ಪಕ್ಕಕ್ಕೆ ಮಲಗಿಸಿ 108ಕ್ಕೆ ಕರೆ ಮಾಡಿ.

ಉಸಿರು ಬಿಗಿದರೆ: ರಾತ್ರಿಯಾದರೂ ತಡಮಾಡದೆ ವೈದ್ಯರನ್ನು ಕಾಣಿ. ಯಾವ ಬಣ್ಣ ಬಳಸಿದಿರೆಂದು ತಿಳಿಸಿ.

ಆಗಸ್ಟ್ ಬಂದಾಗ ನಿಮ್ಮ ದೋಣಿ ಹೊಸ ಬಣ್ಣದಲ್ಲಿ ಕಡಲಿಗಿಳಿಯಲಿ. ಅದನ್ನು ನಡೆಸುವ ಕೈಗಳೂ, ಎದೆಯೊಳಗಿನ ಉಸಿರೂ, ಮನೆಯಲ್ಲಿ ದಾರಿ ನೋಡುವ ಮಕ್ಕಳೂ ಆರೋಗ್ಯವಾಗಿರಲಿ. ಅದಕ್ಕೆ ಬೇಕಾದುದು ದುಬಾರಿ ಸಲಕರಣೆಯಲ್ಲ. ಒಂದು ಬಕೆಟ್ ನೀರು, ಒಂದು ಜೋಡಿ ಕೈಗವಸು, ತೆರೆದ ಟಾರ್ಪಾಲು ಮತ್ತು ಹೊಸ್ತಿಲು ದಾಟುವ ಮುನ್ನ ಒಂದು ಸ್ನಾನ.